ಬಂಕಾಪುರದ ಏರು, ಮಾವನವರ ಕಾರು

ಹೋದ ಚಳಿಗಾಲದಲ್ಲಿ ತಮ್ಮನ ಮಗಳ ನಿಶ್ಚಿತಾರ್ಥಕ್ಕೆಂದು ಹುಬ್ಬಳ್ಳಿಯಿಂದ ಚಿಕ್ಕೇರೂರಿಗೆ ಹೊರಟಿದ್ದೆ. ಬಂಕಾಪುರದಲ್ಲಿ ಹಾನಗಲ್ಲಿನ ರಸ್ತೆಗೆ ತಿರುಗಿದ ಮೇಲೆ ಬೇವಿನ ಗಿಡದ ಕೆಳಗೆ ಯಾರದೋ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ನಮ್ಮ ಗಾಡಿಯ ಕಿಡಕಿಯ ಗಾಜು ಇಳಿಸಿದ್ದೆ. ಕಾದ ಎಣ್ಣೆ, ಪೆಟ್ರೋಲು, ಸುಟ್ಟ ರಬ್ಬರು ಎಲ್ಲ ಕೂಡಿದ ವಾಸನೆ ಒಮ್ಮೆಲೇ ಒಳಗೆ ಬಂತು. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರೇನೋ, ನಾನು ಕತ್ತು ಹೊರಗೆ ಹಾಕಿ ಇನ್ನೊಮ್ಮೆ ಉಸಿರೆಳೆದುಕೊಂಡೆ. 'ಏನವ್ವಾ, ಮಲ್ಲಿಗಿ ದಂಡಿ ಮೂಸಿಧಾಂಗ ಮೂಸ್ಲಿಕತ್ತಿ' ಎಂದು ಮಗ ನಕ್ಕ. ನಗಲಿ ಬಿಡಿ. ಅಲ್ಲಿ ಒಂದು ಏರು ಇತ್ತು ಎಂದು ಹೇಳಿದರೂ ಅವನು ನಂಬುವುದಿಲ್ಲ. ಗುಡ್ಡ ಕಡಿದು ರಸ್ತೆಯನ್ನು ಸಪಾಟು ಮಾಡಿಬಿಟ್ಟಿದ್ದಾರೆ. ನಾವು ಒಂದು ನಿಮಿಷದಲ್ಲಿ ಅದನ್ನು ದಾಟಿಹೋದೆವು. ನನ್ನ ಮಾವನವರು ಆ ಏರಿನ ಸಲುವಾಗಿ ಅರ್ಧ ವರ್ಷ ನಿದ್ದೆಗೆಟ್ಟಿದ್ದರು.

ಅದು ಎಪ್ಪತ್ತೊಂಬತ್ತನೆಯ ಇಸವಿ. ನಾನು ಹಾನಗಲ್ಲಿನ ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನಮ್ಮವರಿಗೆ ಹಿರೇಕೆರೂರಿನಲ್ಲಿ ಬ್ಯಾಂಕಿನ ಕೆಲಸ. ಶನಿವಾರ ಸಂಜೆ ಸರಕಾರಿ ಬಸ್ಸಿನಲ್ಲಿ ಬಂದು ಸೋಮವಾರ ಬೆಳಿಗ್ಗೆ ಹೋಗಿಬಿಡುತ್ತಿದ್ದರು. ಉಳಿದ ದಿನ ಮನೆಯಲ್ಲಿ ಮೂರೇ ಜನ: ಮಾವ, ಅತ್ತೆ, ನಾನು. ಮೂವರಲ್ಲಿ ಮಾತಾಡುವ ಹಕ್ಕು ಇದ್ದದ್ದು ಇಬ್ಬರಿಗೆ. ಮಾವನ ಎದುರಿಗೆ ಸೊಸೆ ಬಾಯಿ ತೆಗೆಯಬಾರದು, ಆಕೆಯ ದನಿ ಪಡಸಾಲೆಗೆ ಕೇಳಬಾರದು. ತವರಿಂದ ಹೊರಡುವಾಗ ನಮ್ಮವ್ವ ಹೇಳಿ ಕಳಿಸಿದ ಬುದ್ಧಿಮಾತುಗಳಲ್ಲಿ ಇದೇ ಮೊದಲನೆಯದು. ಅತ್ತೆ ಅಂಬಕ್ಕನವರೂ ಹಾಗೇ ಬಾಳಿದವರು. ತಮ್ಮ ಮಾವ ತೀರಿಕೊಳ್ಳುವ ತನಕ ಅವರೊಂದಿಗೆ ಒಂದು ಮಾತನ್ನೂ ಆಡಿರಲಿಲ್ಲವಂತೆ. ನಾನು ಚಿಕ್ಕೇರೂರಿನಲ್ಲಿ ಬಾಯಿಬಡಕಿ ಎಂದು ಹೆಸರು ಪಡೆದವಳು. ಇಲ್ಲಿ ಬಂದ ಮೇಲೆ ಅತ್ತೆಯ ಕಿವಿಯ ಹತ್ತಿರ ಪಿಸಪಿಸ ಎನ್ನುವುದನ್ನು ಕಲಿತೆ. ಮಾವ ಏನಾದರೂ ಕೇಳಿದರೆ ನಾನು ಅತ್ತೆಗೆ ಮೆಲ್ಲಗೆ ಹೇಳುತ್ತಿದ್ದೆ, ಅತ್ತೆ ಅದನ್ನು ಗಟ್ಟಿಯಾಗಿ ಮಾವನಿಗೆ ಮುಟ್ಟಿಸುತ್ತಿದ್ದರು.

ಮಾವನವರು ಸವಣೂರಿನ ಆಚಾರ್ಯರ ಮನೆತನ. ಅವರ ತಂದೆ ನ್ಯಾಯ, ವೇದಾಂತ ಪಾಠ ಹೇಳಿದವರು. ಮಗ ಮಾತ್ರ ಶಾಸ್ತ್ರ ಬಿಟ್ಟು ವಿಜ್ಞಾನ ಹಿಡಿದು ಹಾನಗಲ್ಲಿನ ಹೈಸ್ಕೂಲಿನಲ್ಲಿ ಮಾಸ್ತರರಾದರು. ಪಿಂಚಣಿಯಾದ ಮೇಲೆ ಸವಣೂರಿನ ಒಬ್ಬ ಡಾಕ್ಟರರ ಹಳೆಯ ವಿಲಾಯತಿ ಕಾರನ್ನು ಕೊಂಡರು. ಕರಿಬೇವಿನ ಬಣ್ಣದ ಕಾರು. ಬೆಳಿಗ್ಗೆ ಮಡಿಯಲ್ಲಿ ದೇವರ ಪೂಜೆ, ಪೂಜೆಯಾದ ಮೇಲೆ ಹಳೆಯ ಪಂಚೆ ಉಟ್ಟು ಕಾರಿನ ಪೂಜೆ. ಅತ್ತೆ ಹಾಗೆ ಅಂದು ಅಂದು ಬೇಸತ್ತಿದ್ದರು. ಮಾವ ಬೇಸರವಾಗದೆ ನಗುತ್ತಿದ್ದರು. ನನಗೆ ಅವರ ನಗು ಬಹಳ ಸೇರುತ್ತಿತ್ತು. ಅವರೊಂದಿಗೆ ಮಾತಾಡಬೇಕು ಎಂದು ಎಷ್ಟೋ ಸಲ ಅನಿಸುತ್ತಿತ್ತು.

ಅವರಿಗೆ ಒಂದೇ ಹುಚ್ಚು. ಹಾನಗಲ್ಲಿನಿಂದ ಸವಣೂರಿಗೆ ಹೋಗುವಾಗ ಬಂಕಾಪುರಕ್ಕಿಂತ ಮೊದಲು ಸಿಗುವ ಏರನ್ನು ಟಾಪ್ ಗೇರಿನಲ್ಲೇ ಹತ್ತಬೇಕು, ನಡುವೆ ಗೇರು ಇಳಿಸಬಾರದು. ಆಗಿನ ಕಾಲಕ್ಕೆ ಕಾರಿದ್ದವರು ಹೀಗೆ ಏರುಗಳ ಹೆಸರು ಹೇಳಿಯೇ ಮೀಸೆ ತಿರುವುತ್ತಿದ್ದರು. ಮುದಿ ಕಾರಿಗೆ ಆ ಶಕ್ತಿ ಇರಲಿಲ್ಲ. ಅದಕ್ಕೇ ಆಷಾಢದಲ್ಲಿ ಮಾವ ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಶಿಗ್ಗಾಂವಿಯ ಹುಸೇನಸಾಬರ ಲೇಥಿಗೆ ಒಯ್ದರು. ಹೆಡ್ಡಿನ ತಳ ಕೆತ್ತಿದಷ್ಟೂ ಒಳಗಿನ ಜಾಗ ಇಕ್ಕಟ್ಟಾಗುತ್ತದೆ. ಪೆಟ್ರೋಲಿನ ಹವೆ ಹೆಚ್ಚು ಒತ್ತಿಕೊಂಡು ಉರಿದು ಹೆಚ್ಚು ಜೋರು ಕೊಡುತ್ತದೆ. ಹುಸೇನಸಾಬರು ಅರ್ಧಕ್ಕೇ ಲೇಥು ನಿಲ್ಲಿಸಿ, 'ಸಾಕ್ರಿ ಆಚಾರ್ರ, ಇನ್ನ ಕೆತ್ತಿದ್ರ ಭಾಳ ತೆಳಗ ಆಕ್ಕೈತಿ' ಎಂದಿದ್ದರಂತೆ. ಮಾವ ಇನ್ನೊಂದು ಪದರು ತೆಗೆಸಿಕೊಂಡೇ ಬಂದರು. ಹುಸೇನಸಾಬರು ಅವರ ಹಳೆಯ ವಿದ್ಯಾರ್ಥಿ, ಮಾಸ್ತರರಿಗೆ ಎದುರಾಡಲಿಲ್ಲ.

ಆ ಮಳೆಗಾಲದಲ್ಲಿ ಕಾರು ಕುದುರೆಯಾಯಿತು. ಶ್ರಾವಣದ ಜಿಟಿಜಿಟಿ ಮಳೆ, ಎರಡೂ ಬದಿಗೆ ಭತ್ತದ ಗದ್ದೆಗಳಲ್ಲಿ ನೀರು, ಗಾಜಿನ ಮೇಲೆ ಒರೆಸಿದಷ್ಟೂ ಮೂಡುವ ಮಂಜು. ಹಿಂದಿನ ಸೀಟಿನಲ್ಲಿ ಅತ್ತೆಯೂ ನಾನೂ ಕೂತಿರುತ್ತಿದ್ದೆವು. ಮುಂದೆ ಮಾವನ ಪಕ್ಕದ ಸೀಟು ಯಾವಾಗಲೂ ಖಾಲಿ. ಅತ್ತೆಗೆ ಮುಂದೆ ಕೂತರೆ ಹೆದರಿಕೆ, ನಾನು ಕೂಡುವ ಮಾತೇ ಇರಲಿಲ್ಲ. ಆ ಏರನ್ನು ಕಾರು ಪೂರ್ತಿ ಹತ್ತುತ್ತಿರಲಿಲ್ಲ ನಿಜ, ಮುಕ್ಕಾಲು ಹತ್ತಿ ದಮ್ಮು ಬಿಡುತ್ತಿತ್ತು. ಮಾವ ಆಗ ಗೇರು ಇಳಿಸಿ, 'ಇನ್ನ ಸ್ವಲ್ಪs ಉಳದದ' ಎಂದು ತಮಗೇ ಹೇಳಿಕೊಳ್ಳುತ್ತಿದ್ದರು.

ದಸರೆಯ ಹೊತ್ತಿಗೆ ಮಳೆ ಹಿಂದಾಯಿತು. ದೀಪಾವಳಿ ಮುಗಿದ ಮೇಲೆ ಸವಣೂರಿನಲ್ಲಿ ಮಾವನ ಅಣ್ಣನ ಮನೆಯಲ್ಲಿ ಅವರ ತಂದೆಯವರ ಶ್ರಾದ್ಧ. ಬಿಸಿಲು ಚುರುಕಾಗಿತ್ತು, ರಸ್ತೆಯಲ್ಲಿ ಧೂಳು ಎದ್ದಿತ್ತು. ಏರಿನ ಬುಡಕ್ಕೆ ಬಂದು ಮಾವ ಎಕ್ಸಲರೇಟರ್ ಪೂರ್ತಿ ತುಳಿದಾಗ ನನಗೆ ಒಂದು ಸಣ್ಣ ಸದ್ದು ಕೇಳಿಸಿತು. ತಗಡಿನ ಡಬ್ಬಿಯಲ್ಲಿ ನಾಲ್ಕು ಪುಟಾಣಿ ಹಾಕಿ ಅಲ್ಲಾಡಿಸಿದ ಹಾಗೆ. ಟಿರಿಟಿರಿಟಿರಿ. ಮಾವ ಕಾಲು ಸಡಿಲಿಸಿದರೆ ಸದ್ದಿಲ್ಲ, ತುಳಿದರೆ ಮತ್ತೆ ಟಿರಿಟಿರಿ. ನಾನು ಅತ್ತೆಯ ಕಿವಿಯಲ್ಲಿ ಹೇಳಿದೆ.

'ಏನ್ರೀ, ಅಕಿಗೇನೋ ಶಬ್ದ ಕೇಳ್ಸ್ಲಿಕತ್ತದಂತ. ಎಂಜಿನ್ನಿಂದ' ಎಂದರು ಅತ್ತೆ.

ಮಾವ ಕಾರು ನಿಲ್ಲಿಸಿ ಬಾನೆಟ್ ತೆರೆದು, ತಲೆ ಒಳಗಿಟ್ಟು ಎಂಜಿನ್ನನ್ನು ಒಮ್ಮೆ ಏರಿಸಿ ಒಮ್ಮೆ ಇಳಿಸಿ ಆಲಿಸಿದರು. ನಿಂತ ಕಾರು ಎಲ್ಲಿ ಸದ್ದು ಮಾಡೀತು? 'ಏನೂ ಇಲ್ಲ. ನನಗ ಕೇಳ್ಸಲಾರದ ಶಬ್ದ ನನ್ನ ಎಂಜಿನ್ನಿನ್ಯಾಗ ಎಲ್ಲಿಂದ ಬರಬೇಕು?' ಎಂದರು. ಯಾವತ್ತೂ ಸಿಡುಕದವರು ಅಂದು ಸಿಡುಕಿದರು. ನಾನು ಸೆರಗು ಸರಿಮಾಡಿಕೊಂಡೆ. ಸವಣೂರಿನ ವೀಳ್ಯದೆಲೆಯ ತೋಟಗಳು ಕಾಣಿಸುವ ಹೊತ್ತಿಗೆ ಕಾರು ಬುಸುಬುಸು ನೀಲಿ ಹೊಗೆ ಬಿಟ್ಟು ಗಕ್ಕನೆ ನಿಂತಿತು. ಶ್ರಾದ್ಧಕ್ಕೆ ಹೊತ್ತಾಗುತ್ತಿತ್ತು. ಯಾರದೋ ಗಾಡಿಯ ಎತ್ತುಗಳನ್ನು ಬಿಚ್ಚಿ ಕಾರಿಗೆ ಕಟ್ಟಿ, ಆಚಾರ್ಯರ ಮನೆಯ ಬಾಗಿಲಿಗೆ ಎಳೆಸಿಕೊಂಡು ಹೋದೆವು. ಊರ ಹುಡುಗರೆಲ್ಲ ಹಿಂದೆ ಓಡಿ ಬಂದರು. ದೊಡ್ಡ ಮಾವನವರು ಮಡಿಯಲ್ಲಿ ಹೊರಗೆ ಬಂದು ನೋಡಿ, ಹಾಗೇ ಒಳಗೆ ಹೋದರು.

ಶಿಗ್ಗಾಂವಿಯಲ್ಲಿ ಎಂಜಿನ್ ಬಿಚ್ಚಿದಾಗ ಒಂದು ಪಿಸ್ಟನ್ನಿನ ತಲೆ ತೂತು ಬಿದ್ದಿತ್ತು. ಕಡಲೆಕಾಳು ತೂರುವಷ್ಟು ತೂತು. ಆ ಶನಿವಾರ ನಮ್ಮವರು ಬಂದು ನೋಡಿ ಹೇಳಿದರು: 'ಅಪ್ಪಾ, ನಡುರಸ್ತೆದಾಗ ನಿಂತರ ಅವ್ವನ ಗತಿ ಏನು, ಇಕಿ ಗತಿ ಏನು? ನಾ ಊರಾಗ ಇರಂಗಿಲ್ಲ. ಈಗ ರಿಪೇರಿ ಮಾಡ್ಸು, ಬ್ಯಾಡ ಅನ್ನಂಗಿಲ್ಲ. ಇನ್ನೊಂದು ಪಿಸ್ಟನ್ ಹೋತಂದ್ರ ಮಾತ್ರ ಕಾರು ಮಾರಿಬಿಡೋಣು.'

ಮಾವ ಅಂಗೈಯಲ್ಲಿದ್ದ ಪಿಸ್ಟನ್ನನ್ನೇ ತಿರುಗಿಸಿ ನೋಡುತ್ತ, 'ಆತು' ಎಂದರು. ಅವರು ಮಾತು ಕೊಟ್ಟರೆ ಮುಗಿಯಿತು. ಕಾರು ಹೋದರೆ ಈ ಮನುಷ್ಯ ಬೆಳಗಾದರೆ ಏನು ಮಾಡಬೇಕು ಎಂದು ನಾನು ಅಂದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಯೋಚಿಸಿದೆ.

ಹೊಸ ಪಿಸ್ಟನ್ ಕೂಡಿಸಿ ಕಾರು ಮನೆಗೆ ಬಂದ ದಿನ ಸಂಜೆ ಮಾವ ಪಡಸಾಲೆಯಲ್ಲಿ ನಮ್ಮಿಬ್ಬರನ್ನೂ ಕರೆದರು. 'ಸುಮತಿ, ಅವತ್ತಿನ ಶಬ್ದ ಹ್ಯಾಂಗಿತ್ತು, ಸರಿಯಾಗಿ ಹೇಳು' ಎಂದರು. ಪ್ರಶ್ನೆ ನನಗೆ, ಕಣ್ಣು ಮಾತ್ರ ಆಗಲೇ ಅತ್ತೆಯ ತುಟಿಯ ಮೇಲೆ. ನಾನು ಮೆಲ್ಲಗೆ ಹೇಳಿದೆ, ಅತ್ತೆ ಗಟ್ಟಿಯಾಗಿ ಹೇಳಿದರು.

'ಡಬ್ಬ್ಯಾಗ ಪುಟಾಣಿ ಅಲ್ಲಾಡಿಸಿಧಾಂಗಂತ.'

'ದಪ್ಪ ಶಬ್ದೋ, ಸಣ್ಣ ಶಬ್ದೋ? ಬಾಗಲಾ ಬಡಧಾಂಗಿತ್ತೇನು?'

'ಇಲ್ಲಂತ. ಸಣ್ಣದಂತ. ಚುಚ್ಚಿಧಾಂಗಂತ.'

'ಹಂಗಿದ್ರ ಬೇರಿಂಗಿಂದಲ್ಲ' ಎಂದು ಮಾವ ಎದ್ದು ನಿಂತು, ಕ್ಲಾಸಿನಲ್ಲಿ ಪಾಠ ಮಾಡುವವರ ಹಾಗೆ ಅತ್ತಿತ್ತ ಓಡಾಡತೊಡಗಿದರು. ಬೇರಿಂಗು ಸವೆದರೆ ಒಳಗಿಂದ ಕುಟ್ಟಿದ ಹಾಗೆ ದಪ್ಪ ಪೆಟ್ಟು ಕೇಳುತ್ತದೆ. ಇದು ನಾಕಿಂಗು. ಸಿಲಿಂಡರಿನೊಳಗೆ ಪ್ಲಗ್ಗಿನ ಕಿಡಿಯಿಂದ ಹತ್ತಿದ ಬೆಂಕಿ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾವಕಾಶ ಹಬ್ಬಿಕೊಂಡು ಹೋಗಬೇಕು. ಕಾವು, ಒತ್ತಡ ಹೆಚ್ಚಾದರೆ ಮೂಲೆಯಲ್ಲಿ ಉಳಿದ ಹವೆ ಬೆಂಕಿ ಬರುವ ತನಕ ತಡೆಯದೆ ತಾನೇ ಧಡ್ಡನೆ ಹತ್ತಿಕೊಳ್ಳುತ್ತದೆ. ಆ ಪೆಟ್ಟೇ ಸದ್ದು. ಪೆಟ್ಟು ತಿಂದು ತಿಂದು ಪಿಸ್ಟನ್ ತೂತು ಬೀಳುತ್ತದೆ. ಯಾವ ಹೊತ್ತಿನಲ್ಲಿ ಆ ಸದ್ದು ಬರುತ್ತದೆ ಎಂದು ಹಿಡಿದರೆ ಅರ್ಧ ರೋಗ ಹಿಡಿದ ಹಾಗೆ. ಇಷ್ಟನ್ನೂ ಹೇಳಿ ಮಾವ ನನ್ನ ಕಡೆ ತಿರುಗಿ, 'ತಿಳೀತಿಲ್ಲೋ?' ಎಂದು ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ನನಗೆ ಅಂಥ ಪಾಠ ಯಾರೂ ಹೇಳಿರಲಿಲ್ಲ. ಕೇಳಲು ಹತ್ತು ಪ್ರಶ್ನೆ ಇದ್ದವು. ಎಲ್ಲವನ್ನೂ ನುಂಗಿಕೊಂಡೆ.

ಪರೀಕ್ಷೆ ಶುರುವಾಯಿತು. ಬಿಸಿಲೇರಿದ ಮೇಲೆ ಮೂವರೂ ಕಾರಿನಲ್ಲಿ ಹೊರಡುವುದು, ಊರ ಹೊರಗಿನ ಏರಿಳಿತಗಳಲ್ಲಿ ಓಡಿಸುವುದು. ಸದ್ದು ಕೇಳಿದ ಕೂಡಲೇ ನಾನು ಅತ್ತೆಯ ಕೈ ಹಿಸುಕಬೇಕು, ಅತ್ತೆ ಮುಂದೆ ಬಾಗಿ ಮಾವನ ಭುಜ ತಟ್ಟಬೇಕು. ವ್ಯವಸ್ಥೆಯೇನೋ ಮರ್ಯಾದೆಯದೇ. ಆದರೆ ಅತ್ತೆ ದಪ್ಪ ದೇಹದವರು. ನಾನು ಕೈ ಹಿಸುಕಿದಾಗ ಒಮ್ಮೊಮ್ಮೆ ಹೊರಗೆ ಹತ್ತಿ ಬಿಡಿಸುವವರನ್ನು ನೋಡುತ್ತಿರುತ್ತಿದ್ದರು. 'ಹಾಂ? ಬಂತs?' ಎಂದು ನನ್ನನ್ನೇ ಕೇಳಿ, ಸೀಟು ಹಿಡಿದು ಮುಂದೆ ಬಾಗಿ, ಭುಜ ತಟ್ಟುವ ಹೊತ್ತಿಗೆ ಏರು ಮುಗಿದು ಕಾರು ಸಮ ರಸ್ತೆಯಲ್ಲಿ ಜೋರಾಗಿ ಓಡುತ್ತಿರುತ್ತಿತ್ತು. ಸದ್ದು ಬರುತ್ತಿದ್ದದ್ದು ಏರಿನ ಬುಡದಲ್ಲಿ, ಮೆಲ್ಲಗೆ ಹೋಗುವಾಗ, ಕಾಲು ಪೂರ್ತಿ ತುಳಿದಾಗ. ಮಾವನಿಗೆ ಸುದ್ದಿ ಮುಟ್ಟುತ್ತಿದ್ದದ್ದು ಏರಿನ ತುದಿಯಲ್ಲಿ.

ಹಾಗಾಗಿ ಮಾವ ತಪ್ಪು ರೋಗಕ್ಕೆ ಮದ್ದು ಮಾಡಿದರು. ಜೋರಾಗಿ ಓಡುವಾಗ ನಾಕಿಂಗು ಬರುತ್ತದೆಂದರೆ ಎಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ ಎಂದು ತಿಳಿದು ಕಾರ್ಬೊರೇಟರ್ ಬಿಚ್ಚಿ ತೊಳೆದರು. ಅದರಲ್ಲಿ ಪೆಟ್ರೋಲು ಚಿಮ್ಮುವ ಜೆಟ್ಟು ಬದಲಿಸಿದರು. ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆತಿದೆಯೇ ಎಂದು ಅಂಗೈಗೆ ಹಾಕಿ ಮೂಸಿ ನೋಡಿದರು. ಹೆಡ್ಡು ತೆಗೆದು ಮಸಿ ಕೆರೆದರು. ಪ್ರತಿ ಸಲ ಹೊಸ ಹುರುಪಿನಿಂದ ಹೊರಡುವುದು, ಪ್ರತಿ ಸಲ ನಾನು ಅತ್ತೆಯ ಕೈ ಹಿಸುಕುವುದು. ಕೊನೆಗೊಂದು ದಿನ, ಏರಿನಲ್ಲಿ ಇನ್ನಷ್ಟು ಜೋರು ಬೇಕೆಂದು ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಿಡಿ ಇನ್ನೂ ಬೇಗ ಹತ್ತುವಂತೆ ಟೈಮಿಂಗ್ ಮುಂದೆ ತಂದರು. ರೋಗಕ್ಕೆ ಅದು ವಿಷ. ನನಗೆ ಆಗ ಅದು ಗೊತ್ತಿರಲಿಲ್ಲ. ಸದ್ದು ಬರುವುದು ಬುಡದಲ್ಲಿ, ತುದಿಯಲ್ಲಲ್ಲ ಎಂಬುದು ಮಾತ್ರ ಗೊತ್ತಿತ್ತು. ಅತ್ತೆಗೆ ಅದನ್ನು ಹೇಳಿದೆ. ಅತ್ತೆ 'ಏರಿನ್ಯಾಗ ಬರ್ತದಂತ' ಎಂದಷ್ಟೇ ಮುಟ್ಟಿಸಿದರು. ಬುಡವೋ ತುದಿಯೋ ಅವರಿಗೆ ಎಲ್ಲ ಏರೂ ಒಂದೇ.

ಧನುರ್ಮಾಸ ಬಂತು. ನಸುಕಿನಲ್ಲೇ ಪೂಜೆ, ದೇವರಿಗೆ ಹುಗ್ಗಿಯ ನೈವೇದ್ಯ. ಅತ್ತೆ ಚಳಿಯಲ್ಲಿ ತಣ್ಣೀರು ಸ್ನಾನ ಮಾಡಿ ಒಲೆಯ ಮುಂದೆ ಕೂಡುವವರು. ಬೆಳಗಾಗುವುದರೊಳಗೆ ಬಿಸಿ ಹುಗ್ಗಿಯ ಮೇಲೆ ತುಪ್ಪ ಹಾಕಿಕೊಂಡು ಊಟವೂ ಮುಗಿದಿರುತ್ತಿತ್ತು. ಅಂಥ ಒಂದು ದಿನ ಮಧ್ಯಾಹ್ನ ಮಾವ, 'ಇವತ್ತ ಬಂಕಾಪುರದ ಏರಿಗೆ ಹೋಗಿಬಿಡೋಣು, ಆಗಿದ್ದಾಗ್ಲಿ' ಎಂದು ಕಾರು ತೆಗೆದರು. ಗಾಳಿ ಒಣಗಿ ಚರಚರ ಅನ್ನುತ್ತಿತ್ತು. ಅತ್ತೆ ಕಾರು ಹತ್ತಿ ನಾಲ್ಕು ಹೊಲ ದಾಟುವುದರೊಳಗೆ ಸೀಟಿಗೆ ತಲೆ ಆನಿಸಿ ನಿದ್ದೆ ಹೋದರು. ಹುಗ್ಗಿಯ ಗುಣ.

ಏರಿನ ಬುಡದಲ್ಲಿ ಮಾವ ಕಾಲು ತುಳಿದರು. ಟಿರಿಟಿರಿ ಶುರುವಾಯಿತು. ನಾನು ಅತ್ತೆಯ ಕೈ ಹಿಸುಕಿದೆ. ಅವರು ಕೈಯನ್ನು ಮಡಿಲೊಳಗೆ ಎಳೆದುಕೊಂಡು ಮತ್ತೆ ಗೊರಕೆ ಹೊಡೆದರು. ಭುಜ ಹಿಡಿದು ಅಲುಗಿಸಿದೆ, ಇಲ್ಲ. ಅಷ್ಟರಲ್ಲಿ ಸದ್ದು ಬದಲಾಯಿತು. ಪುಟಾಣಿ ಅಲ್ಲ, ಜಲ್ಲಿಕಲ್ಲು ಸುರಿದ ಹಾಗೆ. ಕಾರಿನ ಮೈಯೆಲ್ಲ ಸಣ್ಣಗೆ ನಡುಗಿತು. ಮಾವನ ಬೆನ್ನು ನೆಟ್ಟಗೆ ಕೂತಿತ್ತು, ಕಾಲು ಹಾಗೇ ಒತ್ತಿತ್ತು. ಅವರಿಗೆ ಏನೂ ಕೇಳುತ್ತಿಲ್ಲ ಎಂಬುದು ಆ ಬೆನ್ನು ನೋಡಿದಾಗ ನನಗೆ ಮೊದಲ ಸಲ ತಿಳಿಯಿತು. ಇನ್ನೊಂದು ಗಳಿಗೆ ಹೀಗೇ ಹೋದರೆ ಪಿಸ್ಟನ್ ಹೋಗುತ್ತದೆ, ಕಾರೂ ಹೋಗುತ್ತದೆ.

'ಮಾವಾ, ಕಾಲು ತಗೀರಿ! ತಗೀರಿ ಅಂತೇನಿ!'

ನನ್ನ ದನಿ ಅಷ್ಟು ದೊಡ್ಡದೆಂದು ನಾನೇ ಮರೆತಿದ್ದೆ. ಮಾವ ಬೆಚ್ಚಿ ಕಾಲು ತೆಗೆದರು. ಸದ್ದು ನಿಂತಿತು. ಕಾರನ್ನು ಬದಿಗೆ ತಂದು ಎಂಜಿನ್ ಆರಿಸಿದರು. ಅತ್ತೆ ಕಣ್ಣು ತೆರೆದು 'ಏನಾತು?' ಎಂದರು. ಸೊಸೆಯಾಗಿ ಮಾವನ ಮೇಲೆ ಹಾಗೆ ಚೀರಿದೆನಲ್ಲ ಎಂದು ನಾನು ಅತ್ತೆಯ ಕಡೆಗೆ ಸರಿದು ಕೂತೆ. ಈಗ ಬಾನೆಟ್ ತೆರೆಯುತ್ತಾರೆ, ಪ್ಲಗ್ಗು ಬಿಚ್ಚುತ್ತಾರೆ ಎಂದುಕೊಂಡೆ. ಅವರು ಇಳಿಯಲೇ ಇಲ್ಲ. ಸೀಟಿನಲ್ಲೇ ಹಿಂದಕ್ಕೆ ತಿರುಗಿದರು.

'ಈಗ ಮಾತಾಡಿದಾಕಿ ನೀನೇನು, ಸುಮತಿ?'

ನಾನು ಅತ್ತೆಯ ಕಡೆ ನೋಡಿದೆ.

'ಅಕಿ ಕಡೆ ನೋಡಬ್ಯಾಡ. ನನಗs ಹೇಳು.'

'ಹೂಂನ್ರಿ, ಮಾವಾ. ನಾನs' ಎಂದು ಮೆಲ್ಲಗೆ ಅಂದೆ. 'ತಪ್ಪಾತ್ರಿ.'

'ಕೇಳಸ್ತು' ಎಂದರು ಮಾವ. ಅವರ ಕಣ್ಣು ತುಂಬಿ ಬಂದಿದ್ದವು. 'ನನಗ ಕೇಳಸ್ತು! ಮೆಲ್ಲಕ ಅಂದದ್ದೂ ಕೇಳಸ್ತು. ನಿಮ್ಮ ಮದಿವ್ಯಾದ ವಾರದಾಗs ನಿಮ್ಮತ್ತಿಗೆ ಹೇಳಿದ್ದೆ, ನಮ್ಮನ್ಯಾಗ ಆ ಪದ್ಧತಿ ಬ್ಯಾಡ, ಹುಡುಗಿ ನನ್ನ ಜೋಡಿ ಮನಸಿಟ್ಟು ಮಾತಾಡ್ಲಿ ಅಂತ. ನೀ ತುಟಿ ಅಲ್ಲಾಡಸೋದು ಕಾಣ್ತಿತ್ತು. ದನಿ ಬರ್ತಿದ್ದಿಲ್ಲ. ಇಕಿ ಅದನ್ನs ಮತ್ತೊಮ್ಮೆ ಗಟ್ಟ್ಯಾಗಿ ಹೇಳ್ತಿದ್ಲು. ಗಡಿಯಾರದ ಟಿಕ್‌ಟಿಕ್ ಕೇಳ್ಸೋದು ಮೊದಲs ನಿಂತಿತ್ತು ನನಗ. ಈಗ ಸೊಸಿ ದನೀನೂ ಹೋತು ಅಂತ ತಿಳಕೊಂಡೆ. ಎರಡು ವರ್ಷ ನೀ ಮಾತಾಡ್ತೀ, ನಾ ಕಿವುಡ ಆಗೇನಿ ಅಂತ ತಿಳಕೊಂಡು ಸುಮ್ಮನs ಇದ್ದೆ.'

ಅವರು ಪ್ರಶ್ನೆ ಕೇಳಿದ ಕೂಡಲೇ ಅತ್ತೆಯ ತುಟಿ ನೋಡುತ್ತಿದ್ದದ್ದು ಮರ್ಯಾದೆಗೆ ಎಂದು ನಾನು ತಿಳಿದಿದ್ದೆ. ಅಷ್ಟು ದಿನ ಅವರು ಒಬ್ಬರೇ ಆ ಹೆದರಿಕೆಯನ್ನು ಹೊತ್ತು ತಿರುಗಿದ್ದರು. ಅತ್ತು ಬಿಟ್ಟೆ.

'ಯಾಕ, ಇಕಿಗೆ ನೀ ಹೇಳಲೇ ಇಲ್ಲೇನು?' ಎಂದು ಮಾವ ಅತ್ತೆಯನ್ನು ಕೇಳಿದರು. ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

ಅತ್ತೆ ಕಿಡಕಿಯ ಕಡೆ ಮುಖ ತಿರುಗಿಸಿದರು. 'ಹೇಳಬೇಕಂತ ಇದ್ದೆ' ಎಂದರು. 'ಬಾಯಿಗೆ ಬರಲಿಲ್ಲ. ಆ ಪದ್ಧತಿ ಬ್ಯಾಡ ಅಂತ ನನಗ ಯಾರೂ ಅಂದಿದ್ದಿಲ್ಲ. ನಮ್ಮ ಮಾವ ಹಾಸಿಗಿ ಹಿಡಿದಾಗ ಗಂಜಿ ಕುಡಸ್ತಿದ್ದೆ. ಸಾಕೇನ್ರಿ ಅಂತ ಸೈತ ಕೇಳಲಿಲ್ಲ. ಇಕಿಗೆ ಹೇಳಲಿಕ್ಕೆ ಹೋದಾಗೆಲ್ಲ ಅದs ನೆನಪಾಗ್ತಿತ್ತು.' ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, 'ಹೋಗು, ಮುಂದ ಹೋಗಿ ಕೂಡು' ಎಂದರು. ನಾನು ಆ ಕ್ಷಣ ಅತ್ತೆಯನ್ನು ಪ್ರೀತಿಸಿದಷ್ಟು ಅದಕ್ಕಿಂತ ಮೊದಲು ಎಂದೂ ಪ್ರೀತಿಸಿರಲಿಲ್ಲ.

ನಾನು ಮುಂದಿನ ಸೀಟಿನಲ್ಲಿ ಕೂತೆ, ಹಾನಗಲ್ಲಿಗೆ ಹೊರಟೆವು. 'ಮಾತಾಡು' ಎಂದರು ಮಾವ. ಏನು ಮಾತಾಡಲಿ ಎಂದರೆ, ಏನಾದರೂ ಆಡು ಎಂದರು. ಮೊದಮೊದಲು ತೊದಲಿದೆ. ಆಮೇಲೆ ಚಿಕ್ಕೇರೂರಿನ ಬಾಯಿಬಡಕಿ ಮೈಮೇಲೆ ಬಂದಳು. ಸದ್ದು ಬರುವುದು ಏರಿನ ಬುಡದಲ್ಲಿ, ತುದಿಯಲ್ಲಲ್ಲ ಎಂದೆ. ಅವರು ಹಣೆ ಬಡಿದುಕೊಂಡರು. 'ಅಂದ್ರ ಟೈಮಿಂಗೂ, ಹೆಡ್ಡೂ! ನಾ ಆ ಬಡ ಕಾರ್ಬೊರೇಟರನ್ನ ಹಿಂಸಿ ಮಾಡಿದೆ!' ಎಂದು ನಕ್ಕರು. ನಾನು ಮುಂದುವರಿದೆ. ಮಳೆಗಾಲದಲ್ಲಿ ಇದೇ ಹೆಡ್ಡು, ಇದೇ ಏರು ಇತ್ತಲ್ಲ, ಆಗ ಒಂದು ದಿನವೂ ಸದ್ದು ಕೇಳಲಿಲ್ಲವಲ್ಲ, ಯಾಕೆ ಎಂದು ಕೇಳಿದೆ. ಅದು ಸುಮ್ಮನೆ ಬಾಯಿಗೆ ಬಂದ ಪ್ರಶ್ನೆ, ತಿಂಗಳುಗಟ್ಟಲೆ ನುಂಗಿಕೊಂಡ ಹತ್ತು ಪ್ರಶ್ನೆಗಳಲ್ಲಿ ಒಂದು.

ಮಾವ ಕಾರನ್ನು ರಸ್ತೆಯ ನಡುವೆಯೇ ನಿಲ್ಲಿಸಿಬಿಟ್ಟರು. ಹಿಂದೆ ಬರುತ್ತಿದ್ದ ಎತ್ತಿನ ಗಾಡಿಯವನು ಬೈದುಕೊಂಡು ಸುತ್ತುಹಾಕಿ ಹೋದ.

'ನೀರು' ಎಂದರು. 'ತಂಪು ಹವಾ. ಹವಾದಾಗಿನ ನೀರು ಒಳಗ ಹೋಗಿ ಕಾವು ತಗೀತಿತ್ತು. ಮಳಿ ನಿಂತಿತು, ನಾಕಿಂಗು ಶುರುವಾತು. ಸುಮತಿ, ಇದನ್ನ ಮೊದಲs ಯಾಕ ಕೇಳಲಿಲ್ಲವಾ ನನ್ನ?' ಕೇಳಿದ ಮೇಲೆ ಅವರಿಗೇ ನಗು ಬಂತು. ಹಿಂದೆ ಅತ್ತೆಯೂ ನಕ್ಕರು.

ಮರುದಿನದಿಂದ ಮನೆಯಲ್ಲಿ ಗದ್ದಲವೇ ಗದ್ದಲ. ಹುಸೇನಸಾಬರು ತಾವೇ ಹೆಡ್ಡಿನಡಿ ಕೂಡಿಸಲು ತಾಮ್ರದ ದಪ್ಪ ಹಾಳೆಯ ಗ್ಯಾಸ್ಕೆಟ್ ಕತ್ತರಿಸಿ ತಂದರು. ಹೆಡ್ಡು ಕೆತ್ತಿ ಕಳೆದ ಜಾಗದಲ್ಲಿ ಸ್ವಲ್ಪವಾದರೂ ಮರಳಿ ಸಿಗಲಿ ಎಂದು. 'ಈ ಸಲ ನಾ ಹೇಳಿದಂಗ ಕೇಳಾಕತ್ತಾರ ನೋಡವಾ ನಿಮ್ಮ ಮಾವ' ಎಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ದವಾಖಾನೆಯ ಕಂಪೌಂಡರ ಖಾಲಿ ಸಲೈನ್ ಬಾಟಲಿಯನ್ನೂ ಅದರ ನಳಿಕೆಯನ್ನೂ ಕೊಟ್ಟ. ಯಾರಿಗೆ ಮೈಯಲ್ಲಿ ಹುಷಾರಿಲ್ಲ ಎಂದು ವಿಚಾರಿಸಿದನಂತೆ, ಕಾರಿಗೆ ಎಂದರು ಮಾವ. ಬಾಟಲಿಯಲ್ಲಿ ನೀರು ತುಂಬಿ ಬಾನೆಟ್ಟಿನ ಒಳಗೆ ಎತ್ತರದಲ್ಲಿ ತೂಗುಹಾಕಿ, ನಳಿಕೆಯ ತುದಿಯನ್ನು ಕಾರ್ಬೊರೇಟರಿನ ಬಾಯಿಗೆ ಬಿಟ್ಟೆವು. ನಡುವಿನ ನಳಿಕೆಯನ್ನು ಸೀಟಿನ ತನಕ ಎಳೆದು ತಂದು, ಹನಿ ಹೆಚ್ಚು ಕಡಿಮೆ ಮಾಡುವ ಆ ಸಣ್ಣ ಗಾಲಿ ನನ್ನ ಬೆರಳಿಗೆ ಸಿಗುವ ಹಾಗೆ ಮಾಡಿದರು. ಮಾವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುವುದು, ನಾವಿಬ್ಬರೂ ಓಡಿಸಿ ನೋಡುವುದು, 'ಕೇಳಸ್ತದೇನು?' ಎಂದು ಅವರು, 'ಇನ್ನೂ ಸ್ವಲ್ಪ ಅದ ರೀ' ಎಂದು ನಾನು, ಮತ್ತೆ ತಿರುಗಿಸುವುದು. ಬಾಯಿಂದ ಕಿವಿಗೆ ನೇರ ಹೋದ ಮಾತಿಗೆ ತಡವಾಗುತ್ತಿರಲಿಲ್ಲ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, ಆಚಾರ್ಯರ ಸೊಸೆ ಮಾವನ ಬಾಜೂಕ ಕೂತು ಹೊರಟಳು ಎಂದು ನೋಡಿದರು. ಅತ್ತೆ ಹಿಂದಿನ ಸೀಟಿನಿಂದಲೇ ಅವರಿಗೆ 'ಬರ್ತೀರೇನು?' ಎಂದು ಕೇಳುತ್ತಿದ್ದರು.

ಸಂಕ್ರಾಂತಿಯ ಕರಿದಿನ ನಮ್ಮವರೂ ಊರಲ್ಲಿದ್ದರು. ನಾಲ್ವರೂ ಎಳ್ಳು ಬೆಲ್ಲ ಕಟ್ಟಿಕೊಂಡು ಸವಣೂರಿಗೆ ಹೊರಟೆವು. ಬಿಸಿಲು ನೆತ್ತಿಯ ಮೇಲಿತ್ತು. ನಮ್ಮವರು ಹಿಂದೆ ಅವ್ವನ ಪಕ್ಕದಲ್ಲಿ ಕೂತು, ತಂದೆ ಹೆಂಡತಿ ಇಬ್ಬರೂ ಎಂಜಿನ್ನಿನ ಮಾತಾಡುವುದನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಏರಿನ ಬುಡ ಬಂತು. ಮಾವ ಟಾಪ್ ಗೇರಿನಲ್ಲೇ ಇದ್ದರು. 'ಬಿಡು' ಎಂದರು. ನಾನು ಗಾಲಿ ತಿರುಗಿಸಿ ಹನಿ ಬಿಟ್ಟೆ. ಅವರು ಕಾಲನ್ನು ಪೂರ್ತಿ ಒತ್ತಿದರು.

ಕಾರು ಒಮ್ಮೆ ತಗ್ಗಿ, ಉಸಿರು ಹಿಡಿದು ಹತ್ತತೊಡಗಿತು. ಬುಡ ದಾಟಿತು. ಜಲ್ಲಿ ಸುರಿದ ಹಾಗೆ ಸದ್ದಾಗಿದ್ದ ಜಾಗ ದಾಟಿತು. ನಾನು ಮುಂದೆ ಬಾಗಿ, ಕಣ್ಣು ಮುಚ್ಚಿ, ಮೈಯೆಲ್ಲ ಕಿವಿ ಮಾಡಿಕೊಂಡು ಕೂತಿದ್ದೆ.

'ಈಗ ಏನು ಕೇಳಸ್ತದ, ಸುಮತಿ?'

'ಏನೂ ಇಲ್ರಿ ಮಾವಾ' ಎಂದೆ. 'ಏನೇನೂ ಇಲ್ಲ.'

ಮಾವ ಕಾಲು ಸಡಿಲಿಸಲಿಲ್ಲ. ಎದುರಿಗೆ ಏರಿನ ತುದಿ ಕಾಣಿಸುತ್ತಿತ್ತು. ಅವರ ಮುಖದ ತುಂಬ ನಗು ಹರಡಿತು.

'ನನಗೂ ಏನೂ ಕೇಳಸವಲ್ದು' ಎಂದರು. 'ಇವತ್ತ ಇಬ್ಬರಿಗೂ ಒಂದs ಕೇಳಸ್ಲಿಕತ್ತದ ನೋಡು.'